ನಾಲ್ಕು ಕುರ್ಚಿಗಳ ಲೀಗ್

ಮಾರ್ಚ್ 3, ಸೋಮವಾರ

ಇವತ್ತು ಡಯಾಲಿಸಿಸ್ ಕೋಣೆಯ ಬೀರುವಿನಲ್ಲಿ ನರ್ಸಿಗೆ ಒಂದು ಹಳೆಯ ಡಬ್ಬ ಸಿಕ್ಕಿತು. ಯಾರೋ ಆಸ್ಪತ್ರೆಗೆ ಕೊಟ್ಟು ಹೋದದ್ದಂತೆ. ಒಳಗೆ ನಲವತ್ತೆಂಟು ಕಾರ್ಡು, ಮೂರು ದಾಳ, ಒಂದು ನಿಯಮ ಪುಸ್ತಕ. ಮುಚ್ಚಳದ ಮೇಲೆ ದೊಣ್ಣೆ ಎತ್ತಿಕೊಂಡು ನಿಂತ ಒಬ್ಬ ಮನುಷ್ಯನ ಚಿತ್ರ. ಬೇಸ್‌ಬಾಲನ್ನು ಮೈದಾನವಿಲ್ಲದೆ, ಮೇಜಿನ ಮೇಲೆ ಆಡುವ ಡಬ್ಬ. ನಮ್ಮ ನಾಲ್ವರಲ್ಲಿ ಯಾರೂ ಆ ಆಟವನ್ನು ಕಣ್ಣಾರೆ ಕಂಡವರಲ್ಲ.

ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ ನಾವು ನಾಲ್ವರು ನಾಲ್ಕು ಕುರ್ಚಿಗಳಲ್ಲಿ ಒರಗಿರುತ್ತೇವೆ. ರಕ್ತ ಒಂದು ಕೊಳವೆಯಲ್ಲಿ ಹೊರಗೆ ಹೋಗಿ, ಯಂತ್ರದಲ್ಲಿ ತೊಳೆಸಿಕೊಂಡು, ಇನ್ನೊಂದು ಕೊಳವೆಯಲ್ಲಿ ಒಳಗೆ ಬರುತ್ತದೆ. ಕಿಟಕಿಯ ಪಕ್ಕದ ಕುರ್ಚಿ ಲಿಫ್ಟಿನ ಯಜಮಾನರದು. ಐದು ಮಹಡಿಯ ಒಂದು ದೊಡ್ಡ ಅಂಗಡಿಯಲ್ಲಿ ನಲವತ್ತು ವರ್ಷ ಲಿಫ್ಟ್ ನಡೆಸಿದವರು, ಈಗ ಎಪ್ಪತ್ತೆಂಟು. ಎರಡನೆಯದು ನನ್ನದು. ಮೂರನೆಯದು ಟೇಲರಮ್ಮನದು. ಬಾಗಿಲ ಬಳಿ ಪೋಸ್ಟ್ ಮಾಸ್ಟರು, ಸೂಜಿ ಚುಚ್ಚಿಸಿಕೊಂಡ ಐದು ನಿಮಿಷಕ್ಕೆ ಗೊರಕೆ ಹೊಡೆಯುವವರು.

ನಿಯಮ ಪುಸ್ತಕ ನೇರ ನನ್ನ ಕೈಗೆ ಬಂತು. ಬರಲೇಬೇಕು. ಮೂವತ್ತೊಂದು ವರ್ಷ ತೂಕ ಅಳತೆ ಇಲಾಖೆಯಲ್ಲಿ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಪರೀಕ್ಷೆ ಮಾಡಿದವನು ನಾನು. ಈ ಕೋಣೆಗೆ ಬಂದ ಮೊದಲ ವಾರವೇ, ನಮ್ಮನ್ನೆಲ್ಲ ತೂಗುವ ಯಂತ್ರ ಇನ್ನೂರು ಗ್ರಾಂ ಹೆಚ್ಚು ತೋರಿಸುತ್ತಿದೆ ಎಂದು ಕಂಡುಹಿಡಿದು ನರ್ಸಿನಿಂದ ಬೈಸಿಕೊಂಡಿದ್ದೆ. ಆಮೇಲೆ ಸರಿಮಾಡಿಸಿದರೆನ್ನಿ. ಅಂದಿನಿಂದ ಇಲ್ಲಿ ನನ್ನ ಹೆಸರು ತಕ್ಕಡಿ ಸಾಹೇಬರು.

ಪುಸ್ತಕದ ಏಳನೆಯ ಪುಟ ಹರಿದುಹೋಗಿದೆ. ಮಿಕ್ಕದ್ದನ್ನು ಜೋರಾಗಿ ಓದಿ ಹೇಳಿದೆ. ಒಬ್ಬ ಚೆಂಡು ಎಸೆಯುತ್ತಾನೆ, ಎದುರಿನವನು ದೊಣ್ಣೆಯಿಂದ ಹೊಡೆದು ಓಡುತ್ತಾನೆ. ಮೈದಾನದ ಮೂರು ಮೂಲೆ ಮುಟ್ಟಿ, ಹೊರಟ ಜಾಗಕ್ಕೇ ತಿರುಗಿ ಬಂದರೆ ಒಂದು ಓಟ. ಆ ಹೊರಟ ಜಾಗಕ್ಕೆ ಪುಸ್ತಕದಲ್ಲಿ ‘ಮನೆ’ ಎಂದು ಹೆಸರು.

“ಅಂದ್ರೆ ನಮ್ಮ ರಕ್ತದ ಥರಾನೇ,” ಎಂದರು ಟೇಲರಮ್ಮ. “ಊರೆಲ್ಲಾ ಸುತ್ತಿ ಮನೆಗೆ ಬರೋದು.”

ಬುಧವಾರದಿಂದ ಲೀಗ್ ಶುರು. ನಡೆಸುವವನು ನಾನು. ಒಂದು ತಿಂಗಳ ಮಟ್ಟಿಗೆ ಮಾತ್ರ ಎಂದು ಹೇಳಿದ್ದೇನೆ.

ನಿನ್ನೆಯ ವಿಷಯ ಬರೆಯಬಾರದೆಂದಿದ್ದೆ, ಆದರೂ ಬರೆದುಬಿಡುತ್ತೇನೆ. ತಂಗಿ ಬಂದಿದ್ದಳು. ಈಜುಕೊಳದಲ್ಲಿ ಕಲಿಸುವ ಕೆಲಸ ಮುಗಿಸಿ ಒದ್ದೆ ತಲೆಯಲ್ಲೇ ಬಂದವಳು ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಇಟ್ಟಳು. ನನಗೆ ಹೇಳದೆ ಪರೀಕ್ಷೆ ಮಾಡಿಸಿಕೊಂಡಿದ್ದಾಳೆ. “ನಂದು ನಿಂಗೆ ಹೊಂದುತ್ತಂತೆ ಅಣ್ಣ. ಒಂದು ಕಿಡ್ನಿ ತಗೋ,” ಎಂದಳು, ಹೆಚ್ಚುವರಿ ಪೆನ್ನೊಂದು ಇದೆ ತಗೋ ಎನ್ನುವ ಹಾಗೆ. ಆಗುವುದಿಲ್ಲ ಎಂದೆ. ಮೂವತ್ತೊಂದು ವರ್ಷದಲ್ಲಿ ಯಾವ ಅಂಗಡಿಯಲ್ಲೂ ಒಂದು ಲೋಟ ಚಹಾ ಮುಟ್ಟಿದವನಲ್ಲ ನಾನು ಎಂದೆ.

“ನಾನು ಅಂಗಡಿಯವಳಾ?” ಎಂದು ಕೇಳಿದಳು. ನನ್ನ ಅರ್ಧ ಕೆಜಿಯ ತೂಕದ ಬಟ್ಟನ್ನು ಎತ್ತಿ, ಕಾಗದವನ್ನು ಅದರ ಕೆಳಗೆ ಇಟ್ಟು ಹೊರಟುಹೋದಳು.

ಒಂದು ಮೂತ್ರಪಿಂಡ ಸುಮಾರು ನೂರೈವತ್ತು ಗ್ರಾಂ ತೂಗುತ್ತದೆ. ವೈದ್ಯದ ಪುಸ್ತಕವೊಂದರಲ್ಲಿ ನೋಡಿದೆ. ಯಾರಾದರೂ ನನಗೆ ಸಕ್ಕರೆಯನ್ನು ನೂರೈವತ್ತು ಗ್ರಾಂ ಹೆಚ್ಚು ತೂಗಿ ಕೊಟ್ಟರೆ ತಿರುಗಿ ಹೋಗಿ ಕೊಟ್ಟು ಬರುವವನು ನಾನು. ಕಾಗದ ಅಲ್ಲೇ ಇದೆ. ಅಲ್ಲೇ ಇರಲಿ.

ಮಾರ್ಚ್ 5, ಬುಧವಾರ

ಚೀಟಿ ಎತ್ತಿದ ಹಾಗೆ ಕಾರ್ಡು ಎತ್ತಿದೆವು. ನಿಯಮ ಬರೆದು ಗೋಡೆಗೆ ಅಂಟಿಸಿದ್ದೇನೆ.

ಮೊದಲನೆಯದು: ಎಲ್ಲ ಕಾರ್ಡುಗಳನ್ನೂ ದಿಂಬಿನ ಚೀಲಕ್ಕೆ ಹಾಕಿ ಕಲಸಬೇಕು, ಒಬ್ಬೊಬ್ಬರು ಕಣ್ಣು ಮುಚ್ಚಿ ಹನ್ನೆರಡು ಆಟಗಾರರನ್ನು ಎತ್ತಬೇಕು. ಎರಡನೆಯದು: ದಾಳ ಸ್ಟೀಲಿನ ತಟ್ಟೆಯಲ್ಲೇ ಬೀಳಬೇಕು. ಮೂರನೆಯದು: ಯಾರ ಪಾಲಿಗೆ ಯಾರು ಬಂದರೋ ಅವರೊಂದಿಗೇ ಕೊನೆಯವರೆಗೆ ಬಾಳಬೇಕು, ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ, ಬದಲಾಯಿಸುವುದಿಲ್ಲ.

“ಮದುವೆ ಥರ,” ಎಂದರು ಟೇಲರಮ್ಮ.

“ಅದಕ್ಕೇ ನಾನು ಆಗ್ಲಿಲ್ಲ,” ಎಂದೆ. ಎಲ್ಲರೂ ನಕ್ಕರು. ನಗಿಸುವುದಕ್ಕೆ ಹೇಳಿದ್ದಲ್ಲ.

ಕಾರ್ಡುಗಳ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ಕೆಳಗೆ ಒಂದು ಪಟ್ಟಿ: ಮೂರು ದಾಳಗಳ ಮೊತ್ತ ಎಷ್ಟಾದರೆ ಆ ಆಟಗಾರ ಏನು ಮಾಡುತ್ತಾನೆ ಎಂದು. ಒಬ್ಬೊಬ್ಬರ ಪಟ್ಟಿ ಒಂದೊಂದು ಥರ. ಓದುತ್ತಾ ಹೋದಂತೆ ಅವರ ಬುದ್ಧಿ ತಿಳಿಯುತ್ತದೆ. ಏಳನೆಯವನು ಯಾವಾಗಲೂ ಓಡಿ ಸಿಕ್ಕಿಬೀಳುವವನು; ಅವಸರದವನು ಎಂದು ಹೆಸರಿಟ್ಟೆವು. ಇಪ್ಪತ್ತೆರಡನೆಯವನು ಬಂದ ಚೆಂಡನ್ನೆಲ್ಲ ಕೈಬಿಡುವ ಬೆಣ್ಣೆಕೈ. ಟೇಲರಮ್ಮನ ಪಾಲಿಗೆ ಬಂದ, ಪಾಪ.

ನಲವತ್ತೊಂದನೆಯ ಕಾರ್ಡು ನನ್ನ ಪಾಲಿಗೆ ಬಂತು. ಅವನು ಹೆಚ್ಚುಕಡಿಮೆ ಯಾವ ಮೊತ್ತಕ್ಕೂ ಔಟು. ಆದರೆ ಹದಿನಾರೋ ಅದಕ್ಕಿಂತ ಹೆಚ್ಚೋ ಬಿದ್ದರೆ ಚೆಂಡು ಮೈದಾನ ದಾಟಿ ಹೋಗುತ್ತದೆ. ಲಿಫ್ಟಿನ ಯಜಮಾನರು ಕನ್ನಡಕ ಏರಿಸಿ ಆ ಕಾರ್ಡನ್ನು ಬಹಳ ಹೊತ್ತು ನೋಡಿದರು.

“ಇವ್ನು ನನ್ನ ಮನುಷ್ಯ. ಮೇಲ್ಮಹಡಿಯವನು. ಕೊಡಿ ಸಾಹೇಬ್ರೇ, ಬದಲಿಗೆ ಇಬ್ರನ್ನ ತಗೊಳ್ಳಿ.”

ಗೋಡೆಯ ಮೇಲಿನ ಮೂರನೆಯ ನಿಯಮವನ್ನು ತೋರಿಸಿದೆ. ಮುದುಕರು ಮಗುವಿನ ಹಾಗೆ ಮುಖ ಊದಿಸಿಕೊಂಡರು.

ಮಾರ್ಚ್ 10, ಸೋಮವಾರ

ನಿದ್ದೆ ಮಾಡುವ ಪೋಸ್ಟ್ ಮಾಸ್ಟರ ತಂಡ ಪಟ್ಟಿಯಲ್ಲಿ ಮೊದಲು. ಅವರ ಪರವಾಗಿ ಟೇಲರಮ್ಮನೇ ದಾಳ ಹಾಕುತ್ತಾರೆ. ಎದ್ದ ಮೇಲೆ “ಏನಾಯ್ತು?” ಎನ್ನುತ್ತಾರೆ, ಗೆದ್ದಿರಿ ಎಂದರೆ “ಹೌದಾ” ಎಂದು ಅಂಗಿ ತೊಟ್ಟು ಹೊರಡುತ್ತಾರೆ. ಯಜಮಾನರದು ಆಡಿದ್ದೆಲ್ಲ ಸೋಲು.

ಒಂದು ತಕರಾರು ಬಂತು. ಚೆಂಡು ಮೈದಾನದಿಂದಾಚೆ ಹೋಗಿ ತಿರುಗಿ ಬರದಿದ್ದರೆ ಏನು ಮಾಡಬೇಕು? ಅದು ಹರಿದ ಏಳನೆಯ ಪುಟದಲ್ಲಿ ಇದ್ದಿರಬೇಕು. ನಾನೇ ತೀರ್ಪು ಕೊಟ್ಟೆ: ಹೊಡೆದವನು ಓಡುವ ಅಗತ್ಯವಿಲ್ಲ, ನಿಧಾನವಾಗಿ ನಡೆದುಕೊಂಡು ಮನೆಗೆ ಬರಬಹುದು. ಎಲ್ಲರಿಗೂ ಹಿಡಿಸಿತು.

ಮೂರನೆಯ ಗಂಟೆಯಲ್ಲಿ ನನ್ನ ರಕ್ತದೊತ್ತಡ ಇಳಿಯುತ್ತದೆ. ಆಗ ಕೋಣೆ ತುಸು ದೂರ ಸರಿದ ಹಾಗಾಗುತ್ತದೆ. ಇವತ್ತು ಹೊದಿಕೆಯ ಹಸಿರು ಬಣ್ಣ ನೆಲಕ್ಕೆ ಹರಿದು, ಗೋಡೆಯವರೆಗೂ ಹುಲ್ಲಾಯಿತು. ಅವಸರದವನು ನನ್ನ ಕುರ್ಚಿಯ ಸುತ್ತ ಸದ್ದಿಲ್ಲದೆ ಓಡಿದ. ಎಲ್ಲರಿಗೂ ಒಂದೇ ಮುಖ, ಮುಚ್ಚಳದ ಮೇಲಿನ ಮನುಷ್ಯನದು. ನಲವತ್ತೊಂದು ಮಾತ್ರ ಬೆನ್ನು ತಿರುಗಿಸಿ ನಿಂತಿದ್ದ. ನರ್ಸು ನನ್ನ ಕಾಲು ಎತ್ತಿ ಇಟ್ಟು “ಸರ್, ಸರ್” ಎಂದಾಗ ಹುಲ್ಲು ಮಾಯವಾಯಿತು. ಸ್ವಲ್ಪ ಬೇಸರವಾಯಿತು, ಸುಳ್ಳೇಕೆ ಹೇಳಲಿ.

ಮಾರ್ಚ್ 14, ಶುಕ್ರವಾರ

ಎರಡು ಕೆಜಿ ನೂರು ಗ್ರಾಂ ನೀರು ಮೈಯಲ್ಲಿ. ದಿನಕ್ಕೆ ಮೂರು ಲೋಟಕ್ಕಿಂತ ಹೆಚ್ಚು ಕುಡಿಯಬಾರದೆಂದು ನರ್ಸಿನಿಂದ ಬೈಸಿಕೊಂಡೆ. ತಂಗಿಯ ಫೋನು ಎರಡು ಸಲ ಬಂತು, ಎತ್ತಲಿಲ್ಲ.

ಮಾರ್ಚ್ 19, ಬುಧವಾರ

ಡಾಕ್ಟರು ನನ್ನ ಬಲಗೈ ಮೇಲೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಸೂಜಿ ಚುಚ್ಚಲೆಂದು ಮಾಡಿದ ನಾಳ ಕಟ್ಟಿಕೊಳ್ಳುತ್ತಾ ಬಂದಿದೆಯಂತೆ. ಎಡಗೈಯದು ಹೋದ ವರ್ಷವೇ ಕೈಕೊಟ್ಟಿತ್ತು.

“ಈ ಕೈ ಇನ್ನು ಜಾಸ್ತಿ ದಿನ ಬರಲ್ಲ. ಆಮೇಲೆ ಜಾಗ ಹುಡುಕೋದು ಕಷ್ಟ. ಮನೇಲಿ ಯಾರಾದ್ರೂ ಕೊಡೋರು ಇದಾರಾ ಅಂತ ಕೇಳಿದ್ದೆ ನಿಮ್ಮನ್ನ.”

“ಯಾರೂ ಇಲ್ಲ,” ಎಂದೆ.

ಪಕ್ಕದ ಕುರ್ಚಿಯಲ್ಲಿ ಟೇಲರಮ್ಮ ಮಂಜುಗಡ್ಡೆಯ ಚೂರು ಚೀಪುತ್ತಿದ್ದರು. ಅವರಿಗೆ ಕೊಡುವವರು ಯಾರೂ ಇಲ್ಲ. ಆರು ವರ್ಷದಿಂದ ಆಸ್ಪತ್ರೆಯ ಕಿಡ್ನಿ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುತ್ತಿದ್ದಾರೆ. ತಂಗಿ ಇಲ್ಲಿಗೆ ಬಂದಾಗಲೆಲ್ಲ ಅವಳನ್ನು ಮಾತಾಡಿಸುವವರು ಅವರೇ. ನನ್ನ ಉತ್ತರ ಕೇಳಿ ಚೂರನ್ನು ಕಟಕಟ ಕಡಿದರು, ಅಷ್ಟೆ.

ತಂಗಿ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ದಿನವೂ ನೀರಿಗಿಳಿಯುವ ಕೆಲಸ. ಅವಳ ಮೈಯನ್ನು ಕೊಯ್ದು ನನಗೆ ತೇಪೆ ಹಾಕುವುದೇ? ನನ್ನ ಪಾಲಿಗೆ ಬಂದದ್ದು ಕೆಟ್ಟಿದ್ದರೆ ಅದು ನನ್ನ ಪಾಲು. ಈ ಮಾತನ್ನು ಬರೆದ ಮೇಲೆ ಎರಡು ಸಲ ಓದಿದೆ. ಸರಿಯಾಗಿಯೇ ಇದೆ.

ಮಾರ್ಚ್ 24, ಸೋಮವಾರ

ಯಜಮಾನರು ಗೆದ್ದರು. ಒಂದಲ್ಲ, ಎರಡು ಪಂದ್ಯ. ಸಿಕ್ಕಾಪಟ್ಟೆ ಆರು ಬಿದ್ದವು ಅವರಿಗೆ. ಪ್ರತಿ ಓಟಕ್ಕೂ ಲಿಫ್ಟಿನ ಬಾಗಿಲು ಎಳೆಯುವ ಹಾಗೆ ಬಿಡುವಿದ್ದ ಕೈಯನ್ನು ಪಕ್ಕಕ್ಕೆಳೆದು ಕೂಗುತ್ತಿದ್ದರು: “ಎರಡನೇ ಮಹಡಿ, ಪಾತ್ರೆ, ಪಿಂಗಾಣಿ. ಮೂರನೇ ಮಹಡಿ, ಹೆಂಗಸರ ಚಪ್ಪಲಿ. ನಾಲ್ಕನೇ ಮಹಡಿ, ಕುರ್ಚಿ, ಮೇಜು, ಮಂಚ.” ಪೋಸ್ಟ್ ಮಾಸ್ಟರಿಗೂ ಎಚ್ಚರವಾಯಿತು. ನರ್ಸು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದಳು.

ನಾನು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡದ್ದನ್ನು ಮನೆಗೆ ಬಂದು ನೋಡಿದೆ. ಹಳದಿ ದಾಳ ಮೂವತ್ತು ಸಲದಲ್ಲಿ ಹದಿನಾಲ್ಕು ಸಲ ಆರು ತೋರಿಸಿದೆ. ಇದು ಸರಿಯಲ್ಲ.

ಮಾರ್ಚ್ 25, ಮಂಗಳವಾರ

ದಾಳಗಳನ್ನು ಮನೆಗೆ ತಂದಿದ್ದೆ. ನನಗೆ ಉಪ್ಪು ನಿಷೇಧವಾಗಿ ಎರಡು ವರ್ಷ. ಡಬ್ಬಿಯಲ್ಲಿ ಉಪ್ಪು ಕಲ್ಲಾಗಿ ಕೂತಿತ್ತು. ಕುಟ್ಟಿ ಲೋಟದ ನೀರಿಗೆ ಹಾಕಿ, ಕರಗದೆ ತಳದಲ್ಲಿ ನಿಲ್ಲುವಷ್ಟು ಕಲಸಿದೆ. ಅಂಥ ನೀರಿನಲ್ಲಿ ಪ್ಲಾಸ್ಟಿಕ್ ದಾಳ ತೇಲುತ್ತದೆ. ಒಂದು ಕಡೆ ಭಾರವಾಗಿದ್ದರೆ ಆ ಕಡೆ ಕೆಳಗಾಗುತ್ತದೆ. ಎರಡು ದಾಳ ಮನಸ್ಸಿಗೆ ಬಂದ ಹಾಗೆ ತಿರುಗಿದವು. ಹಳದಿಯದು ಹತ್ತು ಸಲ ಬೆರಳಲ್ಲಿ ತಿರುಗಿಸಿ ಬಿಟ್ಟರೂ ನಿಧಾನವಾಗಿ ಹೊರಳಿ ಆರನ್ನೇ ಮೇಲಕ್ಕೆ ತೋರಿಸಿತು.

ಬಹಳ ದಿನದ ಮೇಲೆ ಕೆಲಸ ಮಾಡಿದ ಸುಖ ಸಿಕ್ಕಿತು. ಬೆರಳು ನೆಕ್ಕಬೇಕೆನಿಸಿತು, ನೆಕ್ಕಲಿಲ್ಲ.

ಮಾರ್ಚ್ 26, ಬುಧವಾರ

ಹೊಸ ದಾಳ ತೆಗೆದುಕೊಂಡು ಹೋದೆ. ಸೋಮವಾರದ ಪಂದ್ಯಗಳು ರದ್ದು ಎಂದು ಹೇಳಿದೆ. ಉಪ್ಪುನೀರಿನ ವಿಷಯ ವಿವರಿಸಿದೆ.

“ಹಾಗಾದ್ರೆ ನಾನು ಗೆಲ್ಲಲೇ ಇಲ್ವಾ?” ಎಂದು ಕೇಳಿದರು ಯಜಮಾನರು.

“ಲೆಕ್ಕದ ಪ್ರಕಾರ ಇಲ್ಲ ಯಜಮಾನ್ರೇ.”

“ಸರಿ ಬಿಡಿ.”

ಅಷ್ಟೇ ಅಂದದ್ದು. ಆಮೇಲೆ ಕಿಟಕಿಯ ಕಡೆ ತಿರುಗಿ ಕೂತರು. ಹೊಸ ದಾಳದಲ್ಲಿ ಆಡಿ ಸೋತರು, ಮಹಡಿಗಳ ಹೆಸರು ಹೇಳಲಿಲ್ಲ. ಟೇಲರಮ್ಮ ಇಡೀ ನಾಲ್ಕು ಗಂಟೆ ನನ್ನೊಂದಿಗೆ ತುಟಿ ಬಿಚ್ಚಲಿಲ್ಲ. ನಾನು ಮಾಡಿದ್ದರಲ್ಲಿ ಎಳ್ಳಷ್ಟೂ ತಪ್ಪಿಲ್ಲ. ದಾಳ ಸರಿಯಿಲ್ಲದಿದ್ದರೆ ಗೆಲುವು ಗೆಲುವೇ ಅಲ್ಲ. ಯಾರನ್ನು ಬೇಕಾದರೂ ಕೇಳಿ.

ಮಾರ್ಚ್ 28, ಶುಕ್ರವಾರ

ಕಿಟಕಿಯ ಪಕ್ಕದ ಕುರ್ಚಿ ಖಾಲಿ. ಜ್ವರವಂತೆ, ಐದನೆಯ ಮಹಡಿಯಲ್ಲಿ ಮಲಗಿಸಿದ್ದಾರೆ.

ಮಾರ್ಚ್ 31, ಸೋಮವಾರ

ಇವತ್ತೂ ಖಾಲಿ. ಅವರ ತಂಡದ ಪರವಾಗಿ ನಾನೇ ದಾಳ ಹಾಕಿದೆ, ಸೋತಿತು. ಬರೆದುಕೊಳ್ಳುವಾಗ ಪೆನ್ನು ಓಡಲಿಲ್ಲ.

ಮೂರನೆಯ ಗಂಟೆಯಲ್ಲಿ ಮತ್ತೆ ಹುಲ್ಲು ಬಂತು. ಮೈದಾನದ ನಡುವೆ ಲಿಫ್ಟೊಂದು ನಿಂತಿತ್ತು, ಕಬ್ಬಿಣದ ಜಾಲರಿ ಬಾಗಿಲಿನದು. ಆಟಗಾರರೆಲ್ಲ ಸಾಲಾಗಿ ಅದರೊಳಗೆ ಹೋಗುತ್ತಿದ್ದರು. ನಾನು ಒಬ್ಬೊಬ್ಬರನ್ನೂ ತೂಗಿ ಬಿಡಬೇಕಿತ್ತು. ಬೆಣ್ಣೆಕೈಯನ್ನು ತೂಗಿದರೆ ಮುಳ್ಳು ಅಲುಗಲೇ ಇಲ್ಲ, ಏನೂ ತೂಕವಿಲ್ಲ. ಯಾರನ್ನು ನಿಲ್ಲಿಸಿದರೂ ಹಾಗೇ. ಮುದ್ರೆ ಹಾಕುವುದೋ ಬೇಡವೋ ತಿಳಿಯದೆ ನಿಂತಿದ್ದೆ.

ಏಪ್ರಿಲ್ 2, ಬುಧವಾರ

ಸೂಜಿ ತೆಗೆದ ಮೇಲೆ ಡಬ್ಬ ಕಂಕುಳಲ್ಲಿ ಇಟ್ಟುಕೊಂಡು ಐದನೆಯ ಮಹಡಿಗೆ ಹೋದೆ. ನಿಯಮದ ಪ್ರಕಾರ ಅವರ ಬಾಕಿ ಪಂದ್ಯ ಆಡಿಸಬೇಕಲ್ಲ, ಅದಕ್ಕೆ.

ಯಜಮಾನರು ಸಣ್ಣಗಾಗಿದ್ದಾರೆ. ಹಾಸಿಗೆಯ ಮೇಲೆ ಹೊದಿಕೆ ಮಾತ್ರ ಇದ್ದ ಹಾಗೆ ಕಾಣುತ್ತಿತ್ತು. ನನ್ನನ್ನು ನೋಡಿ, “ಎಷ್ಟನೇ ಮಹಡಿ ಸಾಹೇಬ್ರೇ?” ಎಂದರು.

“ಐದು.”

“ನಮ್ಮಂಗಡೀಲಿ ಐದ್ರಲ್ಲಿ ಆಟದ ಸಾಮಾನು. ಸರಿಯಾದ ಕಡೆಗೇ ಬಂದಿದ್ದೀರಿ.”

ಊಟದ ತಟ್ಟೆ ಒರೆಸಿ ಅದರಲ್ಲಿ ದಾಳ ಹಾಕಿದೆವು. ಅವರ ಆಟಗಾರರನ್ನು ಸಾಲಾಗಿ ಜೋಡಿಸುತ್ತಿದ್ದಾಗ ನನ್ನ ಜೇಬಿನಿಂದ ನಲವತ್ತೊಂದನ್ನು ತೆಗೆದು ಅವರ ಸಾಲಿಗೆ ಇಟ್ಟೆ. ಅದು ನನ್ನ ಜೇಬಿಗೆ ಯಾವಾಗ ಬಂದಿತ್ತೋ, ಬೆಳಗ್ಗೆ ಹಾಕಿಕೊಂಡಿರಬೇಕು.

“ಇದು ನಿಮ್ಮದಲ್ವಾ?”

“ಇರ್ಲಿ, ಇಟ್ಕೊಳ್ಳಿ. ಕೊಟ್ಟೆ.”

“ಬದಲಿಗೆ?”

“ಬದಲಿಗೆ ಏನೂ ಬೇಡ.”

ಬೇಡ ಎನ್ನಬಹುದು, ಇಲ್ಲವೇ ನಿಯಮ ಎಲ್ಲಿ ಹೋಯ್ತು ಎಂದು ಚುಚ್ಚಬಹುದು ಎಂದುಕೊಂಡಿದ್ದೆ. “ಕೊಡಿ ಇಲ್ಲಿ,” ಎಂದು ಕಿತ್ತುಕೊಂಡ ಹಾಗೆ ತೆಗೆದುಕೊಂಡರು. ಒಂದು ಥ್ಯಾಂಕ್ಸ್ ಇಲ್ಲ, ಏನಿಲ್ಲ. ಮುಖ ಮಾತ್ರ ಅಗಲವಾಯಿತು.

ನಲವತ್ತೊಂದು ಮೂರು ಸಲ ಆಡಲು ಬಂದ. ಎಂಟು, ಹನ್ನೊಂದು, ಒಂಬತ್ತು. ಮೂರು ಸಲವೂ ಔಟು. ಯಜಮಾನರು ಏನೂ ತಲೆಕೆಡಿಸಿಕೊಳ್ಳಲಿಲ್ಲ. “ನಾಳೆ ಹೊಡೀತಾನೆ,” ಎಂದು ಕಾರ್ಡನ್ನು ದಿಂಬಿನ ಕೆಳಗೆ ತಳ್ಳಿದರು. ಆಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದರು, “ನಿಮ್ ತಂಗಿ ಕೊಡ್ತೀನಿ ಅಂದ್ರಂತೆ, ನೀವು ಒಲ್ಲೆ ಅಂದ್ರಂತೆ. ಟೇಲರಮ್ಮ ಹೇಳಿದ್ಲು.”

ಊರ ಉಸಾಬರಿಯೆಲ್ಲ ಆ ಹೆಂಗಸಿಗೆ. ದಾಳಗಳನ್ನು ಎತ್ತಿ ಡಬ್ಬಕ್ಕೆ ಹಾಕಿದೆ.

“ನಲವತ್ತು ವರ್ಷ ಜನಾನ ಮೇಲಕ್ಕೆ ಕರ್ಕೊಂಡು ಹೋದೆ ಸಾಹೇಬ್ರೇ. ಒಬ್ಬ ಇದ್ದ, ಪ್ರತಿ ಸಲ ‘ಬೇಡ, ನಿಮಗ್ಯಾಕೆ ತೊಂದ್ರೆ’ ಅಂತ ಮೆಟ್ಲು ಹತ್ತಿ ಹೋಗೋನು. ಒಳ್ಳೆ ಮನುಷ್ಯಾನೇ. ಆದ್ರೆ ಅವನನ್ನ ಕಂಡ್ರೆ ನನಗೆ ಮೈಯೆಲ್ಲಾ ಉರಿಯೋದು.”

ಕೆಳಗೆ ಬರುವಾಗ ಮೈ ಹಗುರವಾಗಿತ್ತು. ಡಯಾಲಿಸಿಸ್ ಆದ ದಿನ ಸುಸ್ತಾಗುವುದೇ ಹೆಚ್ಚು. ಇವತ್ತು ನೀರು ಹೆಚ್ಚು ತೆಗೆದಿರಬೇಕು.

ರದ್ದು ಮಾಡಿದ್ದ ಆ ಸೋಮವಾರದ ಎರಡು ಪಂದ್ಯಗಳನ್ನು ಪಟ್ಟಿಗೆ ಮತ್ತೆ ಸೇರಿಸಿದೆ. ನಮ್ಮ ಇಲಾಖೆಯಲ್ಲೂ ಯಾವ ತಕ್ಕಡಿಗಾದರೂ ಇಷ್ಟು ವ್ಯತ್ಯಾಸ ನಡೆಯುತ್ತದೆ ಎಂದು ಬಿಟ್ಟುಕೊಡುವುದಿದೆ.

ಏಪ್ರಿಲ್ 3, ಗುರುವಾರ

ಔಷಧಿ ತರಲು ಹೋದವನು ದಾರಿಯಲ್ಲಿತ್ತೆಂದು ಈಜುಕೊಳಕ್ಕೆ ಹೋದೆ. ಎರಡು ಬಸ್ಸು ಬದಲಾಯಿಸಬೇಕಾಯಿತು.

ಮೇಲಿನ ಗ್ಯಾಲರಿಯ ಮೆಟ್ಟಿಲ ಮೇಲೆ ಕೂತೆ. ಗಾಜಿನ ಚಾವಣಿಯಿಂದ ಬಿಸಿಲು ಬಿದ್ದು ನೀರಿನ ಬೆಳಕು ಗೋಡೆಯ ಮೇಲೆ ಅಲುಗುತ್ತಿತ್ತು, ಮಾತುಗಳೆಲ್ಲ ದೂರದಿಂದ ಬಂದ ಹಾಗೆ ಕೇಳುತ್ತಿದ್ದವು. ತಂಗಿ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಅರವತ್ತು ದಾಟಿದ ಹೆಂಗಸೊಬ್ಬರಿಗೆ ತೇಲುವುದು ಕಲಿಸುತ್ತಿದ್ದಳು. ಆಕೆಯ ಬೆನ್ನಿನ ಕೆಳಗೆ ಇವಳ ಎರಡು ಅಂಗೈ. ಆಕೆ ಮರದ ತುಂಡಿನಂತೆ ಬಿಗಿಯಾಗಿ, ಕತ್ತು ಎತ್ತಿ, ಮುಳುಗುತ್ತಿದ್ದರು.

“ನನ್ನ ಕೈಗೆ ಭಾರ ಬಿಡೀಮ್ಮಾ. ನೀವು ಮೈ ಬಿಗಿ ಹಿಡ್ಕೊಂಡಷ್ಟೂ ನನಗೆ ಕಷ್ಟ,” ಎಂದಳು ತಂಗಿ. ಎಷ್ಟು ಸಲ ಹೇಳಿದಳೋ, ಒಂದು ಸಲವೂ ಸಿಡುಕಲಿಲ್ಲ. ಕೊನೆಗೆ ಆಕೆ ತಲೆಯನ್ನು ನೀರಿಗೆ ಬಿಟ್ಟರು. ತಂಗಿಯ ಮುಖ ನೋಡಿದೆ. ನಿನ್ನೆ ಯಜಮಾನರಿಗೆ ಕಾರ್ಡು ಕೊಟ್ಟು ಲಿಫ್ಟಿನಲ್ಲಿ ಇಳಿಯುವಾಗ ಕನ್ನಡಿಯಲ್ಲಿ ನನ್ನ ಮುಖ ಕಂಡಿತ್ತು, ಅದರ ನೆನಪಾಯಿತು. ಅಣ್ಣ ತಂಗಿ ಎಂದ ಮೇಲೆ ಹೋಲಿಕೆ ಇದ್ದೇ ಇರುತ್ತದೆ.

ಅವಳು ನೋಡುವ ಮೊದಲೇ ಎದ್ದು ಬಂದೆ. ಔಷಧಿ ತರುವುದು ಮರೆತೇಹೋಯಿತು.

ಏಪ್ರಿಲ್ 7, ಸೋಮವಾರ

ಯಜಮಾನರು ನಿನ್ನೆ ಬೆಳಗ್ಗೆ ತೀರಿಕೊಂಡರು.

ನರ್ಸು ಹೇಳಿದಳು. ಹೇಳಿ, ನನ್ನ ಕೈಗೆ ಸೂಜಿ ಚುಚ್ಚಲು ಮೂರು ಸಲ ಒದ್ದಾಡಿದಳು. ನಾಳ ಸಿಗುತ್ತಿಲ್ಲ. ಅವಳ ಕಣ್ಣು ತುಂಬಿದ್ದು ಅವರಿಗಾಗಿಯೋ ನನ್ನ ಕೈಗಾಗಿಯೋ ತಿಳಿಯಲಿಲ್ಲ. ಟೇಲರಮ್ಮ ಅತ್ತರು. ಪೋಸ್ಟ್ ಮಾಸ್ಟರು ಇವತ್ತು ನಿದ್ದೆ ಮಾಡಲಿಲ್ಲ. ನಾನು ಗೋಡೆಯ ಮೇಲಿನ ನಿಯಮಗಳನ್ನು ಓದುತ್ತಾ ಇದ್ದೆ, ಅಕ್ಷರಗಳು ಕಲಸಿಹೋಗುತ್ತಿದ್ದವು.

ನಲವತ್ತೊಂದನೆಯ ಕಾರ್ಡು ಸಿಕ್ಕಿಲ್ಲ. ದಿಂಬಿನ ಚೀಲದ ಜೊತೆ ಒಗೆಯಲು ಹೋಗಿರಬೇಕು, ಹುಡುಕಿಸುತ್ತೇನೆ ಎಂದಳು ನರ್ಸು. ಬೇಡ ಎಂದೆ. ಕೊಟ್ಟದ್ದು ಕೊಟ್ಟಾಯಿತು, ಅದು ಅವರ ಹತ್ತಿರವೇ ಇರಲಿ. ಅವರನ್ನು ಬಹಳ ಇಷ್ಟಪಡುತ್ತಿದ್ದೆ ನಾನು. ಬರೆದ ಮೇಲೇ ಗೊತ್ತಾಗುತ್ತಿದೆ.

ಏಪ್ರಿಲ್ 11, ಶುಕ್ರವಾರ

ಮೂರನೆಯ ನಿಯಮ ಹೊಡೆದುಹಾಕಿದೆ. ನಲವತ್ತೇಳು ಕಾರ್ಡಿನಲ್ಲಿ ಆಡಬೇಕಾದರೆ ಸ್ವಲ್ಪ ಕೊಟ್ಟು ತೆಗೆದುಕೊಳ್ಳುವುದು ಅನಿವಾರ್ಯ, ಬೇರೆ ಕಾರಣವಿಲ್ಲ. ಟೇಲರಮ್ಮ ಕೂಡಲೇ ಬೆಣ್ಣೆಕೈಯನ್ನು ನನಗೆ ದಾಟಿಸಿದರು. “ತಗೊಳ್ಳಿ ಸಾಹೇಬ್ರೇ, ಪ್ರೀತಿಯಿಂದ,” ಎಂದರು. ಕಳ್ಳಿ. ತೆಗೆದುಕೊಂಡೆ.

ಡಾಕ್ಟರು ಮತ್ತೆ ಕೈ ನೋಡಿದರು. ಹೆಚ್ಚೆಂದರೆ ಎರಡು ತಿಂಗಳು ಎಂದರು.

ಏಪ್ರಿಲ್ 13, ಭಾನುವಾರ

ತಂಗಿಗೆ ನಾನೇ ಫೋನು ಮಾಡಿದೆ. ಲೀಗಿನಲ್ಲಿ ಒಂದು ತಂಡ ಖಾಲಿ ಇದೆ, ನಡೆಸುತ್ತೀಯಾ ಎಂದು ಕೇಳಲು. ಅರ್ಧ ಗಂಟೆಯಲ್ಲಿ ಬಂದಳು. ಬಾಗಿಲಲ್ಲೇ ನಿಂತು, “ಇದಕ್ಕಾ ಕರೆದದ್ದು?” ಎಂದಳು.

“ಒಳಗೆ ಬಾ ಮೊದ್ಲು.”

ಕಾರ್ಡುಗಳನ್ನು ತೋರಿಸಿದೆ. ಹೊಸದಾಗಿ ಬರೆಯಲೆಂದು ಮನೆಗೆ ತಂದಿದ್ದ ನಿಯಮದ ಹಾಳೆ ಅವಳ ಕಣ್ಣಿಗೆ ಬಿತ್ತು.

“ಇದ್ಯಾಕೆ ಮೂರನೇದು ಹೊಡೆದುಹಾಕಿದ್ದೀಯ?”

“ಅದು ಲೀಗಿನದು. ನಿನಗೆ ಅರ್ಥವಾಗಲ್ಲ.”

ಅವಳು ಬಹಳ ಹೊತ್ತು ಆ ಹಾಳೆಯನ್ನು ನೋಡಿದಳು. ಆಮೇಲೆ ಮೇಜನ್ನು ನೋಡಿದಳು. ಅರ್ಧ ಕೆಜಿ ಬಟ್ಟಿನ ಕೆಳಗೆ ಕಾಗದ ಇರಲಿಲ್ಲ.

“ರಿಪೋರ್ಟ್ ಎಸೆದುಬಿಟ್ಯಾ?” ಧ್ವನಿ ಸಣ್ಣಗಾಗಿತ್ತು.

ಅಂಗಿಯ ಜೇಬಿನಿಂದ ತೆಗೆದು ಕೊಟ್ಟೆ. ನಾಲ್ಕು ದಿನ ಇಟ್ಟುಕೊಂಡು ಓಡಾಡಿದ್ದರಿಂದ ಮಡಿಕೆಯ ಹತ್ತಿರ ಸವೆದಿತ್ತು. “ಶುಕ್ರವಾರ ಮಧ್ಯಾಹ್ನ ಕೊಳಕ್ಕೆ ರಜೆ ಹಾಕೋಕಾಗುತ್ತಾ? ನಾವಿಬ್ರೂ ಬರ್ಬೇಕು ಅಂದ್ರು ಡಾಕ್ಟರು,” ಎಂದೆ.

ಅವಳು ನನ್ನ ತೋಳಿಗೆ ಒಂದು ಗುದ್ದು ಹಾಕಿದಳು, ಎಡಗೈಗೆ, ನೋಡಿಕೊಂಡೇ. ಆಮೇಲೆ ಮುಖ ತೊಳೆಯಲು ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು. ನೀರು ಸುಮ್ಮನೆ ಹರಿದುಹೋಗುವುದನ್ನು ಕೇಳಿದರೆ ನನಗೆ ಬಾಯಾರುತ್ತದೆ, ಅವಳಿಗೆ ಗೊತ್ತಿಲ್ಲ. ಹೇಳಲಿಲ್ಲ.

ಜೂನ್ 2, ಸೋಮವಾರ

ಕೊನೆಯ ಸಲ ಆ ಕುರ್ಚಿಯಲ್ಲಿ ಕೂತೆ. ಡಬ್ಬ ಟೇಲರಮ್ಮನ ಕೈಗೆ ಕೊಟ್ಟೆ. ಲೀಗು ಇನ್ನು ಅವರದು. ಪೋಸ್ಟ್ ಮಾಸ್ಟರು ಚಾಂಪಿಯನ್, ಅವರಿಗೆ ಹೇಳುವುದು ಬಾಕಿ. ತಂಗಿಯ ತಂಡ ಕೊನೆಯದು. ಆಡುವಾಗ ಬಾಯಿಗೆ ಬಂದ ಮಹಡಿಗಳ ಹೆಸರು ಕೂಗುತ್ತಾಳೆ, ಒಂದೂ ಸರಿಯಿಲ್ಲ.

ಟೇಲರಮ್ಮ ಒಂದು ಬಿಳಿ ಅಂಗಿ ಹೊಲಿದು ತಂದಿದ್ದರು, ಹೊಟ್ಟೆಯ ಹತ್ತಿರ ಬಿಗಿಯಾಗದ ಹಾಗೆ. ನನ್ನ ಅಳತೆ ಯಾವಾಗ ತೆಗೆದುಕೊಂಡಿರಿ ಎಂದು ಕೇಳಿದೆ. ಎರಡು ವರ್ಷದಿಂದ ನೋಡ್ತಾನೇ ಇದೀನಲ್ಲ ಎಂದರು. ಅವರ ಹೆಸರು ಇನ್ನೂ ಪಟ್ಟಿಯಲ್ಲೇ ಇದೆ. ನನಗೆ ನಾಚಿಕೆಯಾಯಿತು, ಹೇಳಿದೆ. “ಬಾಯಿ ಮುಚ್ಕೊಂಡು ಅಂಗಿ ಹಾಕ್ಕೊಳ್ಳಿ,” ಎಂದರು.

ನಾಡಿದ್ದು ಆಪರೇಷನ್. ಹೆದರಿಕೆಯಾಗುತ್ತಿದೆ, ಅವಳಿಗಾಗಿ.

ಜೂನ್ 11, ಬುಧವಾರ

ಇಷ್ಟು ದಿನ ಪೆನ್ನು ಹಿಡಿಯಲು ಆಗಲಿಲ್ಲ. ಬುಧವಾರವೆಂದು ಎಚ್ಚರವಾದಾಗ ಆರೂವರೆ, ಅಭ್ಯಾಸಬಲ. ಎಲ್ಲಿಗೂ ಹೋಗಬೇಕಾಗಿಲ್ಲ ಎಂದು ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಆಪರೇಷನ್ನಿನ ದಿನ ಮೂಗಿಗೆ ಮುಖವಾಡ ಇಟ್ಟು ಎಣಿಸಿ ಎಂದಿದ್ದರು. ಎಣಿಸುತ್ತಿದ್ದ ಹಾಗೆ ಹುಲ್ಲು ಬಂತು, ಎಂದಿಗಿಂತ ದೂರದವರೆಗೆ. ನಲವತ್ತೊಂದು ಈ ಸಲ ತಿರುಗಿ ನಿಂತಿದ್ದ. ಹೊಡೆದ. ಚೆಂಡು ಹೋಗುತ್ತಲೇ ಇತ್ತು, ಬೀಳಲಿಲ್ಲ. ಅವನು ದೊಣ್ಣೆ ಕೆಳಗಿಟ್ಟು, ಅವಸರವಿಲ್ಲದೆ, ಮೂಲೆಯಿಂದ ಮೂಲೆಗೆ ನಡೆದುಕೊಂಡು ಬಂದ. ಆಮೇಲಿನದು ನೆನಪಿಲ್ಲ.

ತಂಗಿ ಪಕ್ಕದ ಕೋಣೆಯಲ್ಲಿದ್ದಾಳೆ. ನಾಳೆ ಅವಳನ್ನು ಮನೆಗೆ ಬಿಡುತ್ತಾರೆ. ಸಂಜೆ ಪಕ್ಕೆ ಹಿಡಿದುಕೊಂಡು, ಒಂದು ಕೈಯನ್ನು ಗೋಡೆಗೆ ಆನಿಸಿ ನಡೆದು ಬಂದಳು. ಔಷಧಿ ಪೆಟ್ಟಿಗೆಯ ರಟ್ಟು ಕತ್ತರಿಸಿ ಕಾರ್ಡು ಮಾಡಿ ತಂದಿದ್ದಳು, ನೀಲಿ ಪೆನ್ನಿನಲ್ಲಿ ನಲವತ್ತೊಂದು ಎಂದು ಬರೆದು. ಕೆಳಗಿನ ಪಟ್ಟಿ ನೋಡಿದೆ. ಮೂರರಿಂದ ಹದಿನೆಂಟರವರೆಗೆ ಯಾವ ಮೊತ್ತ ಬಿದ್ದರೂ ಚೆಂಡು ಮೈದಾನದಾಚೆ.

“ತಪ್ಪು ಬರ್ದಿದ್ದೀಯ,” ಎಂದೆ.

“ಗೊತ್ತು,” ಎಂದಳು. “ತಗೋ.”

ತೆಗೆದುಕೊಂಡು ದಿಂಬಿನ ಕೆಳಗೆ ಇಟ್ಟುಕೊಂಡೆ. ಥ್ಯಾಂಕ್ಸ್ ಹೇಳಲಿಲ್ಲ. ಅವಳು ಕುರ್ಚಿಯ ಅಂಚಿನಲ್ಲಿ ನಿಧಾನವಾಗಿ ಕೂತು, ಹೂಜಿಯಿಂದ ನನಗೆ ಒಂದು ಲೋಟ ನೀರು ಬಗ್ಗಿಸಿ ಕೊಟ್ಟಳು. ಅಂಚಿನವರೆಗೆ ತುಂಬಿತ್ತು. ಕುಡಿದೆ. ಇನ್ನೊಂದು ಲೋಟ ಕೇಳಿ ಅದನ್ನೂ ಕುಡಿದೆ.

ಅವಳ ಕಿಡ್ನಿ ಎಷ್ಟು ಗ್ರಾಂ ಇತ್ತು ಎಂದು ಡಾಕ್ಟರನ್ನು ಕೇಳಬೇಕೆಂದಿದ್ದೆ. ಬೆಳಗ್ಗೆ ಬಂದಿದ್ದರು, ಮರೆತುಬಿಟ್ಟೆ.